ದ್ವೀಪದಲ್ಲಿ ಹಳ್ಳಿ ಜಮೀನು: ಉಪ್ಪು ನೀರಿನ ತೊಂದರೆ ಬಗೆಹರಿದ ಬಗೆ

ದ್ವೀಪದಲ್ಲಿ ಜಮೀನು ಕೊಳ್ಳುವ ಮುಂಚೆ, ಮಳೆಯಿಲ್ಲದ ಕಾಲದ ಕೊನೆಯಲ್ಲಿ ಹೋಗಿ ಬಾವಿ ನೀರು ನೋಡಿ. ಮಳೆಗಾಲದಲ್ಲಿ ನೋಡಿದರೆ ನಿಜ ಗೊತ್ತಾಗುವುದಿಲ್ಲ. ನಾನು ಕೊಂಡ ಜಾಗದಲ್ಲಿ ಬೆಳಗ್ಗೆ ಸೇದಿದ ನೀರು ಚೆನ್ನಾಗಿಯೇ ಇತ್ತು. ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ನಾಲಿಗೆಗೆ ಉಪ್ಪು ಹತ್ತಿತು, ಸೋಪು ನೊರೆ ಬರಲಿಲ್ಲ.

ಮರಳು, ಸುಣ್ಣಕಲ್ಲಿನ ದ್ವೀಪಗಳಲ್ಲಿ ಮಳೆ ನೀರು ನೆಲದಡಿಯ ಸಮುದ್ರದ ನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿ ನೀರಿನ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪು ನೀರು ಸುಮಾರು 40 ಅಡಿ ಮೇಲೇರಬಹುದು. ಹಾಗಾಗಿ ಬಾವಿ ಇನ್ನೂ ಆಳ ಮಾಡಿಸಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ದೊಡ್ಡ ಪಂಪು ತೆಗೆಸಿ ಚಿಕ್ಕದು ಹಾಕಿಸಿದೆ. ಈಗ ಬಿಟ್ಟು ಬಿಟ್ಟು, ನಿಧಾನವಾಗಿ ನೀರೆತ್ತುತ್ತೇವೆ. ಉಪ್ಪು ಕಮ್ಮಿಯಾಯಿತು. ಕುಡಿಯಲು, ಅಡುಗೆಗೆ ಚಾವಣಿಯ ಮಳೆ ನೀರೇ. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 1,000 ಲೀಟರ್. ಸಾಕಷ್ಟಾಯಿತು ಅಲ್ವಾ? ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ. ಟ್ಯಾಂಕಿನ ಬಾಯಿಗೆ ಸಣ್ಣ ಜಾಲರಿ ಹಾಕಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.

ಇನ್ನು ದಾರಿ. ಪಕ್ಕದ ತೋಟದ ಮೂಲಕ ಓಡಾಡುವ ಹಕ್ಕು ಬರೀ ಬಾಯಿಮಾತಿನದಾಗಿತ್ತು. ಅದು ಪತ್ರದಲ್ಲಿ ನೋಂದಣಿಯಾದ ಮೇಲೆಯೇ ಮುಂಗಡ ಕೊಟ್ಟೆ.