ಗದಾಯುದ್ಧದ ಹೊತ್ತಿಗೆ ನಿಂತುಹೋಗುವ ಡಿವಿಡಿ

ಎರಡು ಗಂಟೆ ಚೆನ್ನಾಗಿಯೇ ಓಡಿತು. ಭೀಮ ಗದೆ ಎತ್ತಿದ. ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಟ್ಟಿತು. ದುರ್ಯೋಧನನ ಪಾತ್ರ ಮಾಡಿದ್ದು ನಮ್ಮ ದೊಡ್ಡಪ್ಪ. ಟಿವಿ ಮುಂದೆಯೇ ಕೂತಿದ್ದರು. "ಏನ್ ಮಗಾ, ನೆಮ್ಮದಿಯಾಗಿ ಸಾಯೋಕೂ ಬಿಡಲ್ವಾ ನನ್ನ?" ಅಂದರು.

ನಮ್ಮೂರು ಗುಬ್ಬಿ ಹತ್ತಿರ. ಗುಬ್ಬಿ ವೀರಣ್ಣನವರ ಸೀಮೆ, ನಾಟಕದ ಹುಚ್ಚಿಗೆ ಕೊರತೆಯಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ, ಆಮೇಲೆ ಒಂದು ರಾತ್ರಿಯಿಡೀ ಪೌರಾಣಿಕ ನಾಟಕ. ಅದನ್ನು ಎರಡು ಮೊಬೈಲ್‌ನಲ್ಲಿ ಹಿಡಿದುಕೊಂಡು ಬಂದೆ. ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಕೂತು 2 ಗಂಟೆ 10 ನಿಮಿಷಕ್ಕೆ ಕತ್ತರಿಸಿದೆ. ಪೆನ್‌ಡ್ರೈವ್‌ನಲ್ಲಿ ಕೊಡಬಹುದಿತ್ತಲ್ವಾ ಅಂತ ಕೇಳಬೇಡಿ. ದೊಡ್ಡಪ್ಪನ ಪ್ಲೇಯರ್‌ನಲ್ಲಿ ಅದನ್ನು ಚುಚ್ಚೋ ಜಾಗವೇ ಇಲ್ಲ.

ಏಳು ಡಿಸ್ಕ್ ಹಾಳಾದವು. ಎಂಟನೆಯದು ಸರಿಹೋಯಿತು. ಆ ಏಳರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡಿದ ದೊಡ್ಡ ತಪ್ಪು ಅಂದರೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಇರುವ 'ಡಿಸ್ಕ್‌ಗೆ ಬರ್ನ್ ಮಾಡು' ಬಟನ್ ಒತ್ತಿ ಊಟಕ್ಕೆ ಹೋಗುತ್ತಿದ್ದುದು. ಆ ಒಂದು ಬಟನ್ ಒಳಗೆ ಮೂರು ಕೆಲಸ ಇದೆ. ನಿಮ್ಮ ಸಿನಿಮಾವನ್ನು ಎಂಪೆಗ್-2, ಅಂದರೆ ಡಿವಿಡಿಗೆ ಬೇಕಾದ ವಿಡಿಯೋ ರೂಪಕ್ಕೆ ಬದಲಿಸುವುದು ಒಂದು. ಅದನ್ನು ಪ್ಲೇಯರ್‌ಗೆ ಅರ್ಥವಾಗುವ ಫೋಲ್ಡರ್ ಆಗಿ ಜೋಡಿಸುವುದು ಇನ್ನೊಂದು. ಲೇಸರ್‌ನಿಂದ ಡಿಸ್ಕ್ ಮೇಲೆ ಸುಡುವುದು ಕೊನೆಯದು. ಎಲ್ಲಿ ಕೆಟ್ಟರೂ ಪರದೆ ಮೇಲೆ ಬರುವುದು ಅದೇ ಕೆಂಪು ಗುರುತು, ಅದೇ 'ಎರರ್'. ಹಾಗಾಗಿ ಮೊದಲು ಈ ಕೆಲಸಗಳನ್ನು ಬೇರೆ ಬೇರೆ ಮಾಡಿ. ಡಿಸ್ಕ್ ಹಾಕಲೇಬೇಡಿ. ಸಿನಿಮಾವನ್ನು ಐಎಸ್ಒ ಫೈಲ್ (ಇಡೀ ಡಿಸ್ಕ್‌ನ ಪಡಿಯಚ್ಚು ಇರುವ ಒಂದೇ ಫೈಲ್) ಆಗಿ ಹಾರ್ಡ್ ಡಿಸ್ಕ್‌ಗೆ ಬರೆಸಿ. ಇದಕ್ಕೆ ಡಿವಿಡಿಸ್ಟೈಲರ್ ಅನ್ನುವ ಸಾಫ್ಟ್‌ವೇರ್ ಸಾಕು, ಪುಕ್ಕಟೆ ಸಿಗುತ್ತದೆ. ಆ ಐಎಸ್ಒವನ್ನು ಕಂಪ್ಯೂಟರ್‌ನ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ಹಾಕಿ ಮೊದಲಿಂದ ಕೊನೆವರೆಗೆ ನೋಡಿ. ಓಡಿಸಿ ಓಡಿಸಿ ನೋಡಬೇಡಿ, ಕೂತು ನೋಡಿ.

ಐಎಸ್ಒನೇ ಹುಟ್ಟದಿದ್ದರೆ ತಪ್ಪು ನಿಮ್ಮ ಸಿನಿಮಾದಲ್ಲಿದೆ, ಇಲ್ಲವೇ ಕಂಪ್ಯೂಟರ್‌ನಲ್ಲಿದೆ. ಡಿಸ್ಕ್ ಬೈದು ಪ್ರಯೋಜನವಿಲ್ಲ. ಐಎಸ್ಒ ಚೆನ್ನಾಗಿದ್ದು ಬರ್ನ್ ಆಗುವಾಗ ಕೆಟ್ಟರೆ ಡಿಸ್ಕ್, ರೈಟರ್ (ಡಿಸ್ಕ್ ಸುಡುವ ಡ್ರೈವ್) ಅಥವಾ ಕರೆಂಟು. ಬರ್ನ್ ಆಗಿ, ಕಂಪ್ಯೂಟರ್‌ನಲ್ಲೂ ಓಡಿ, ಟಿವಿ ಮುಂದೆ ಮಾತ್ರ ಕೈಕೊಟ್ಟರೆ ಅದರ ಕತೆ ಬೇರೆ.

ಐಎಸ್ಒ ಹುಟ್ಟದಿದ್ದಾಗ ಮೊದಲು ಜಾಗ ನೋಡಿ. ತಾತ್ಕಾಲಿಕ ಫೈಲ್‌ಗಳಿಗೂ ಸೇರಿ 10 ಜಿಬಿಗಿಂತ ಜಾಸ್ತಿ ಖಾಲಿ ಇರಲಿ. ನಾನು ಪೆನ್‌ಡ್ರೈವ್‌ಗೆ ನೇರವಾಗಿ ಬರೆಸಲು ಹೋಗಿ ಮೂರ್ಖನಾದೆ. ಅದು ಫ್ಯಾಟ್32 ಅನ್ನುವ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಷ್ಟು ಜಾಗ ಖಾಲಿ ಇದ್ದರೂ ಅಷ್ಟೇ.

ಆಮೇಲೆ ಹೆಸರು. ನನ್ನ ಫೋಲ್ಡರ್ ಹೆಸರು 'ದೊಡ್ಡಪ್ಪ ನಾಟಕ ಫೈನಲ್ ಇದೇ ಕೊನೆ'. ಕನ್ನಡದಲ್ಲೇ ಟೈಪ್ ಮಾಡಿದ್ದೆ. ಇಂಥ ಕೆಲವು ಸಾಫ್ಟ್‌ವೇರ್‌ಗಳಿಗೆ ಕನ್ನಡ ಅಕ್ಷರ ಕಂಡರೆ ದಾರಿ ತಪ್ಪುತ್ತದೆ, 'ಫೈಲ್ ಸಿಗಲಿಲ್ಲ' ಅನ್ನುತ್ತವೆ. ಬೇಜಾರಿನ ವಿಷಯ, ಆದರೆ ಆ ಹೊತ್ತಿಗೆ ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ, ಚಿಕ್ಕ ಹೆಸರು ಇಡಿ.

ಪ್ರತಿ ಸಲವೂ ಒಂದೇ ಕಡೆ, 40 ಪರ್ಸೆಂಟ್‌ಗೋ 41ಕ್ಕೋ, ನಿಲ್ಲುತ್ತಿದೆಯಾ? ಹಾಗಾದರೆ ಟೈಮ್‌ಲೈನ್‌ನಲ್ಲಿ ಸುಮಾರು ಆ ಜಾಗದ ಕ್ಲಿಪ್ ನೋಡಿ. ನನ್ನದರಲ್ಲಿ ಶಕುನಿ ಬರುವ ಕಡೆ ಒಂದು ಕ್ಲಿಪ್ ಕಾಪಿ ಆಗುವಾಗಲೇ ಅರ್ಧ ಕೆಟ್ಟಿತ್ತು. ಮೊಬೈಲ್‌ನಿಂದ ಮತ್ತೆ ಹಾಕಿಕೊಂಡೆ, ಸರಿಹೋಯಿತು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಕ್ಲಿಪ್ ಮೇಲೆ ಅನುಮಾನ ಬೇಡ. ಲ್ಯಾಪ್‌ಟಾಪ್ ಬಿಸಿಯಾಗುತ್ತಿರಬಹುದು. ದಿಂಬಿನ ಮೇಲಿಂದ ತೆಗೆದು ಗಟ್ಟಿ ಮೇಜಿನ ಮೇಲಿಡಿ. ಬ್ರೌಸರ್ ಮುಚ್ಚಿ.

ತುಟಿಗೂ ಮಾತಿಗೂ ಹೊಂದದಿರುವುದು ಎರರ್ ಅಂತ ಬರುವುದಿಲ್ಲ, ನೋಡುವಾಗ ಗೊತ್ತಾಗುತ್ತದೆ. ಶುರುವಿನಲ್ಲಿ ಸರಿ ಇರುತ್ತದೆ, ಕೊನೆಯ ರಂಗಗೀತೆ ಹೊತ್ತಿಗೆ ಹಾರ್ಮೋನಿಯಂ ಮುಂದೆ, ಬೆರಳು ಹಿಂದೆ. ಸಾಮಾನ್ಯವಾಗಿ ಮೊಬೈಲ್‌ನ ಕೆಲಸ ಇದು. ಅದು ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ, ಬೆಳಕು ಕಡಿಮೆಯಾದರೆ ನಿಧಾನ ಮಾಡುತ್ತದೆ. ನಮ್ಮ ಕಡೆ ಡಿವಿಡಿ ಪಾಲ್ ಅನ್ನುವ ಟಿವಿ ಪದ್ಧತಿಯದ್ದು: 720 ಬೈ 576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಎಡಿಟ್ ಶುರು ಮಾಡುವ ಮೊದಲೇ ಎಲ್ಲ ಕ್ಲಿಪ್‌ಗಳನ್ನೂ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹಾಕಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್', 25 ಅಂತ ಮಾಡಿಕೊಳ್ಳಿ. ಸೌಂಡ್ 48,000 ಹರ್ಟ್ಸ್ ಇರಲಿ. ಆಡಿಯೋ ಸಿಡಿಯಿಂದ ತೆಗೆದ ಹಾಡು 44,100 ಇರುತ್ತದೆ, ಅದನ್ನೂ ಬದಲಿಸಿಕೊಳ್ಳಿ.

ಇನ್ನು 'ಡಿಸ್ಕ್‌ನಲ್ಲಿ ಜಾಗ ಸಾಲದು' ಅನ್ನುವ ಎರರ್. ಪ್ಯಾಕೆಟ್ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಕಂಪ್ಯೂಟರ್ 4.37 ಅಂತ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ, ಡಿಸ್ಕ್‌ನವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ನನ್ನ ಬಾಯಿಲೆಕ್ಕ ಇದು: 600 ಅನ್ನು ಸಿನಿಮಾದ ನಿಮಿಷಗಳಿಂದ ಭಾಗಿಸಿ. ಬಂದದ್ದು ಚಿತ್ರ, ಸೌಂಡ್ ಎರಡೂ ಸೇರಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಕೊಡಬಹುದು ಅನ್ನುವುದು. ನನ್ನ 130 ನಿಮಿಷಕ್ಕೆ 4.6 ಬಂತು. ಸೌಂಡ್‌ಗೆ 0.2 ಬಿಟ್ಟು ಚಿತ್ರಕ್ಕೆ 4.4 ಇಟ್ಟೆ. ಒಂದು ಗಂಟೆಯ ಸಿನಿಮಾಕ್ಕೆ 10 ಬರುತ್ತದೆ, ಆದರೆ ಆಸೆ ಬೀಳಬೇಡಿ. ಡಿವಿಡಿಯಲ್ಲಿ ಚಿತ್ರಕ್ಕೆ 9.8ರ ಮೇಲೆ ಕೊಡುವಂತಿಲ್ಲ. 8ಕ್ಕೆ ನಿಲ್ಲಿಸಿದರೆ ಹಳೆಯ ಪ್ಲೇಯರ್ ಕೂಡ ತಡವರಿಸುವುದಿಲ್ಲ.

ಈಗ ಸುಡುವ ಕೆಲಸ. ನಾನು ಬಳಸುವುದು ಇಮ್ಗ್‌ಬರ್ನ್ ಅನ್ನುವ ಸಾಫ್ಟ್‌ವೇರ್. ಬರೆದ ಮೇಲೆ 'ವೆರಿಫೈ' ಮಾಡುವ, ಅಂದರೆ ಸರಿಯಾಗಿ ಬರೆದಿದೆಯಾ ಅಂತ ಓದಿ ನೋಡುವ ಟಿಕ್ ತೆಗೆಯಬೇಡಿ. ಶುರುವಿನಲ್ಲೇ 'ಪವರ್ ಕ್ಯಾಲಿಬ್ರೇಷನ್ ಎರರ್' ಬಂದರೆ ಕರೆಂಟಿನ ತೊಂದರೆ ಅಂತ ನಾನು ಯುಪಿಎಸ್ ಬಿಚ್ಚಿ ಕೂತಿದ್ದೆ. ಅಲ್ಲ. ಬರೆಯುವ ಮೊದಲು ಲೇಸರ್ ಎಷ್ಟು ಜೋರಾಗಿರಬೇಕು ಅಂತ ರೈಟರ್ ಡಿಸ್ಕ್‌ನ ಒಳಅಂಚಿನಲ್ಲಿ ಪರೀಕ್ಷೆ ಮಾಡಿ ನೋಡುತ್ತದೆ. ಆ ಪರೀಕ್ಷೆ ಫೇಲ್ ಆಗಿದೆ ಅಂತ ಅರ್ಥ. ಡಿಸ್ಕ್ ಕಳಪೆ, ಅಥವಾ ರೈಟರ್‌ನ ಲೆನ್ಸ್ ಮೇಲೆ ಧೂಳು, ಅಥವಾ ರೈಟರ್‌ಗೆ ವಯಸ್ಸಾಗಿದೆ. ಮೊದಲು ಬೇರೆ ಕಂಪನಿಯ ಡಿಸ್ಕ್ ಒಂದೇ ಒಂದು ತಂದು ನೋಡಿ. 50ರ ಡಬ್ಬ ತರಬೇಡಿ. ನಾನು ತಂದಿದ್ದೆ.

ಹೊರಗಿನ ಯುಎಸ್‌ಬಿ ರೈಟರ್ ಆದರೆ ಹಬ್‌ಗೆ ಸಿಕ್ಕಿಸಬೇಡಿ, ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಬರೆಯುವಾಗ ಅದು ಕರೆಂಟು ಜಾಸ್ತಿ ಎಳೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ, ಸ್ಲೀಪ್ ಆಫ್ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಅರ್ಧಕ್ಕೆ ನಿಂತ ಡಿವಿಡಿ-ಆರ್ (ಒಂದೇ ಸಲ ಬರೆಯಬಹುದಾದ ಡಿಸ್ಕ್) ಮತ್ತೆ ಬಳಸಲು ಬರುವುದಿಲ್ಲ.

ಕೊನೆಗೆ ಟಿವಿ ಮುಂದಿನ ಕತೆ. ಪ್ಲೇಯರ್ 'ನೋ ಡಿಸ್ಕ್' ಅಂದರೆ ಎಂಪಿ4 ಫೈಲನ್ನೇ ಎಳೆದು ಹಾಕಿ ಬರ್ನ್ ಮಾಡಿದ್ದೀರಾ ನೋಡಿ. ಅದು ಡೇಟಾ ಡಿಸ್ಕ್, ಹಳೆಯ ಪ್ಲೇಯರ್‌ಗೆ ಅರ್ಥವಾಗದು. ಒಳಗೆ 'ವಿಡಿಯೋ ಟಿಎಸ್' (VIDEO_TS) ಅನ್ನುವ ಫೋಲ್ಡರ್ ಇರಬೇಕು. ಡಿಸ್ಕ್ ಫೈನಲೈಸ್ ಆಗಿರಬೇಕು, ಅಂದರೆ ಬರೆಯುವುದು ಮುಗಿಯಿತು ಅಂತ ಮುಚ್ಚಿರಬೇಕು. ಡಿಸ್ಕ್ ಕೊಳ್ಳುವಾಗ ಡಿವಿಡಿ+ಆರ್‌ಗಿಂತ ಡಿವಿಡಿ-ಆರ್ ಹಳೆಯ ಪ್ಲೇಯರ್‌ಗೆ ಹೆಚ್ಚು ಒಗ್ಗುತ್ತದೆ.

ದೊಡ್ಡಪ್ಪನ ಗದಾಯುದ್ಧ ನಿಂತದ್ದು ಯಾಕೆ ಅಂದರೆ, ಡಿವಿಡಿ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ. ಸಿನಿಮಾದ ಕೊನೆ ಬರುವುದು ಡಿಸ್ಕ್‌ನ ಹೊರಅಂಚಿಗೆ. ವೇಗವಾಗಿ ಬರೆದಾಗ ತಪ್ಪು ಜಾಸ್ತಿ ಕೂರುವುದೂ ಅಲ್ಲೇ, ಬೆರಳಚ್ಚು ಬೀಳುವುದೂ ಅಲ್ಲೇ. ನಾನು 16ಎಕ್ಸ್ ವೇಗದಲ್ಲಿ ಬರೆದು, ಡಿಸ್ಕ್ ಅಂಚಿನವರೆಗೆ ತುಂಬಿಸಿದ್ದೆ. ಮೇಲೆ ಒಂದು ಕಾಗದದ ಸ್ಟಿಕ್ಕರ್ ಬೇರೆ. ಸ್ಟಿಕ್ಕರ್ ಒಂದು ಕಡೆ ಭಾರವಾದರೆ ಡಿಸ್ಕ್ ತಿರುಗುವಾಗ ಅದುರುತ್ತದೆ. ಎಂಟನೆಯದನ್ನು 4ಎಕ್ಸ್‌ನಲ್ಲಿ ಬರೆದೆ, ಹೆಚ್ಚುಕಡಿಮೆ 15 ನಿಮಿಷ ಹಿಡಿಯಿತು. ಐಎಸ್ಒ 4.1 ಜಿಬಿಗೆ ಇಳಿಸಿ, ಹೊರಅಂಚು ಸ್ವಲ್ಪ ಖಾಲಿ ಬಿಟ್ಟೆ. ಸ್ಟಿಕ್ಕರ್ ಬದಲು ಸಿಡಿ ಮಾರ್ಕರ್‌ನಲ್ಲಿ ಹೆಸರು ಬರೆದೆ.

ಈ ಸಲ ದುರ್ಯೋಧನ ಪೂರ್ತಿ ಸತ್ತ. ಅದೇ ಐಎಸ್ಒದಿಂದ ಈಗ ಇನ್ನೂ ಆರು ಪ್ರತಿ ತೆಗೆಯಬೇಕು. ಭೀಮನ ಮನೆಯವರು ಎರಡು ಕೇಳಿದ್ದಾರೆ.