ಅಜ್ಜನ ಜೋಡುನಳಿಗೆ ಬಂದೂಕು: ಉಜ್ಜುವ ಮೊದಲು ನೋಡಬೇಕಾದ್ದು

ಹಳೇ ಬಂದೂಕಿನ ಬೆಲೆಯನ್ನು ತುಕ್ಕಿಗಿಂತ ಹೆಚ್ಚಾಗಿ ತಿನ್ನುವುದು ಪಾಲಿಶ್. ಹಾಗಾಗಿ ಮೊದಲು ಕಾಗದಪತ್ರ, ಆಮೇಲೆ ನಳಿಗೆ, ಎಲ್ಲಕ್ಕಿಂತ ಕೊನೆಗೆ ಹೊಳಪು.

ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಬಂದೂಕನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವಂತಿಲ್ಲ. ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಿ ರಸೀದಿ ಪಡೆಯಿರಿ. ನಂತರ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಸಮೇತ ಡಿಸಿ ಕಚೇರಿಗೆ ಅರ್ಜಿ. ಕೊಡಗಿನ ಕೊಡವರಿಗೆ ಲೈಸೆನ್ಸ್‌ನಿಂದ ಇರುವ ವಿನಾಯಿತಿ ನಮ್ಮ ದಾವಣಗೆರೆ ಕಡೆ ನಡೆಯದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾವಣಗೆರೆ, ಹರಿಹರ, ಜಗಳೂರಿನ ಲೈಸೆನ್ಸ್ ಪುಸ್ತಕಗಳ ಮೇಲೆ ಚಿತ್ರದುರ್ಗದ ಮೊಹರಿರುತ್ತದೆ, ಚನ್ನಗಿರಿ, ಹೊನ್ನಾಳಿಯವುಗಳ ಮೇಲೆ ಶಿವಮೊಗ್ಗದ್ದು. ಪುಸ್ತಕದ ನಂಬರಿಗೂ ಬಂದೂಕಿನ ನಂಬರಿಗೂ ತಾಳೆಯಾಗದಿದ್ದರೆ ಬೆಲೆಯ ಮಾತೇ ಬೇಡ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ.

ಈಗ ಪರೀಕ್ಷೆ. ಮಡಚಿ ತೆಗೆದು ಎರಡೂ ನಳಿಗೆ ಖಾಲಿ ಇವೆಯೇ ನೋಡಿ, ಬೆರಳಿಟ್ಟೂ ನೋಡಿ. ನಳಿಗೆ ಬಿಚ್ಚಿ ಬುಡದ ಕೆಳಭಾಗ ತಿರುಗಿಸಿದರೆ ಸಣ್ಣ ಮೊಹರುಗಳು ಕಾಣುತ್ತವೆ. ಎರಡೂ ನಳಿಗೆಯನ್ನು ಕೂಡಿಸುವ ಮೇಲ್ಪಟ್ಟಿಯ ಮೇಲೆ ಕೆತ್ತಿದ ಹೆಸರು ಮದ್ರಾಸ್ ಅಥವಾ ಕಲ್ಕತ್ತದ ಅಂಗಡಿಯದ್ದಿರಬಹುದು, ಮೊಹರು ಮಾತ್ರ ತಯಾರಾದ ದೇಶ, ಕಾಲ ಹೇಳುತ್ತದೆ. ಅಂಡಾಕಾರದೊಳಗೆ ‘ಇಎಲ್‌ಜಿ’ ಇದ್ದರೆ ಬೆಲ್ಜಿಯಂನ ಲಿಯೇಜ್. ‘ನಾಟ್ ಫಾರ್ ಬಾಲ್’ ಎಂದಿದ್ದರೆ 1875ರಿಂದ 1887ರ ನಡುವಿನ ಇಂಗ್ಲಿಷ್ ಬಂದೂಕು. ‘ನೈಟ್ರೋ ಪ್ರೂಫ್’ ಅಥವಾ ‘ಎನ್‌ಪಿ’ ಇಂಗ್ಲಿಷ್ ಬಂದೂಕಿನ ಮೇಲೆ ಇಲ್ಲದಿದ್ದರೆ ಅದು ಕರಿಮದ್ದಿಗಾಗಿ ಪರೀಕ್ಷೆಯಾದದ್ದು, ಈಗಿನ ತೋಟಾ ಹಾಕಲೇಬೇಡಿ. ನಳಿಗೆಯ ಮೇಲೆ ಸುರುಳಿ ಸುರುಳಿ ನಕ್ಷೆ ಇದ್ದರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಅಂಥದನ್ನು ಗೋಡೆಗೆ ಬಿಡುವುದೇ ಲೇಸು.

ಎಡವುವ ಜಾಗ ಇನ್ನೊಂದಿದೆ. ಹಳೇ 12 ಬೋರ್‌ಗಳಲ್ಲಿ ತೋಟಾ ಕೂರುವ ಕೋಣೆ ಎಷ್ಟೋ ಸಲ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ತೋಟಾದ ಪೆಟ್ಟಿಗೆ ಮೇಲಿನ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹಾಗಾಗಿ 70 ಮಿ.ಮೀ. ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಮೊಳಗಿದರೆ ಪಟ್ಟಿಯ ಬೆಸುಗೆ ಗಟ್ಟಿ, ಒಡಕು ದನಿ ಬಂದರೆ ಬಿಟ್ಟಿದೆ. ಮುಂಗೈ ಮರ (ನಳಿಗೆಯ ಕೆಳಗಿನದ್ದು) ತೆಗೆದು ಬಂದೂಕು ಮುಚ್ಚಿ ಅಲುಗಾಡಿಸಿದಾಗ ಕಟಕಟ ಎಂದರೆ ಜೋಡಣೆ ಸವೆದಿದೆ. ನಳಿಗೆಯ ಗೋಡೆ ತೆಳುವಾದ ಜಾಗದಲ್ಲಿ ಕನಿಷ್ಠ 0.020 ಇಂಚು ದಪ್ಪ ಇರಬೇಕು. ಇದನ್ನು ಅಳೆಯುವ ಉಪಕರಣ ಬಂದೂಕು ರಿಪೇರಿಯವರ ಬಳಿ ಇರುತ್ತದೆ. ಒಳಗಿನ ಗುಳಿ ಉಜ್ಜಿ ತೆಗೆದಿದ್ದರೆ ಕಣ್ಣಿಗೆ ಫಳಫಳ, ಅಳತೆಯಲ್ಲಿ ತೆಳು.

ಬೆಲೆಗೆ ಪಟ್ಟಿ ಅಂತ ಇಲ್ಲ. ಕೊಳ್ಳುವವರಿಗೂ ಲೈಸೆನ್ಸ್ ಬೇಕಾದ್ದರಿಂದ ಗಿರಾಕಿಗಳೇ ಕಡಿಮೆ. ಆಮದು ನಿಂತು ದಶಕಗಳಾದ್ದರಿಂದ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್‌ನಂಥ ಇಂಗ್ಲಿಷ್ ಬಂದೂಕಿಗೆ ಇಲ್ಲಿನ ಕಾರ್ಖಾನೆಯದ್ದಕ್ಕಿಂತ ಹೆಚ್ಚು ಬೇಡಿಕೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಲೆಕ್ಕ, ದರ ಇಳಿಯುತ್ತದೆ. ಕನಿಷ್ಠ ಇಬ್ಬರು ಡೀಲರ್‌ಗಳಲ್ಲಿ ಕೇಳಿ.

ಹಿಡಿಯ ಮರವನ್ನು ಲೈಸೆನ್ಸ್ ಕೈಗೆ ಬಂದ ಮೇಲೆ ನೀವೇ ಸರಿಮಾಡಬಹುದು. ನೆಟ್ಟಗೆ ನಿಲ್ಲಿಸಿಟ್ಟ ಬಂದೂಕಿನಲ್ಲಿ ಎಣ್ಣೆ ಇಳಿದು ಮರದ ತಲೆ ಕಪ್ಪಾಗಿ ಮೆತ್ತಗಾಗಿರುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಒರೆಸಿ. ಪುಡಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿ. ಅಸಿಟೋನ್ ಬಳಿ ಬೀಡಿ, ಒಲೆ ಬೇಡ. ತಗ್ಗುಗಳಿಗೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮುಟ್ಟಿಸಿದರೆ ಆವಿಗೆ ಮರ ಉಬ್ಬುತ್ತದೆ. ಬಿರುಕಿದ್ದರೆ ಮಾತ್ರ ಬಡಗಿಯನ್ನಲ್ಲ, ಬಂದೂಕಿನವರನ್ನೇ ಹುಡುಕಿ. ಉಜ್ಜಲೇಬೇಕೆಂದರೆ 320, ಆಮೇಲೆ 400ರ ಪಾಲಿಶ್ ಪೇಪರ್, ಮರದ ಎಳೆಯ ಗುಂಟ. ಕಬ್ಬಿಣ ಕೂಡುವ ಅಂಚಿಗೂ ಕೈಹಿಡಿಯ ಚೌಕುಳಿ ಕೆತ್ತನೆಗೂ ಪೇಪರ್ ತಾಗಬಾರದು, ಕೆತ್ತನೆಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್ ಆಯಿಲ್ ತನ್ನಿ. ಗಾಣದ ಹಸಿ ಅಗಸೆ ಎಣ್ಣೆ ವಾರವಾದರೂ ಅಂಟಂಟು. ಮೊದಲ ಸಲ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಉಳಿದ ಸಲ ಬೆರಳ ತುದಿಯಲ್ಲಿ ಎರಡು ಮೂರು ಹನಿ ಸವರಿ ಒರೆಸಿ, 24 ಗಂಟೆ ಬಿಡಿ. ಆರೆಂಟು ಪದರ ಬೇಕು. ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದುರಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ. ಹೊಳೆಯುವ ವಾರ್ನಿಷ್ ಬೇಡವೇ ಬೇಡ, ಹಳೇ ಬಂದೂಕಿಗೆ ಅದು ಕುರ್ಚಿಯ ಕಳೆ ತರುತ್ತದೆ.

ಕಬ್ಬಿಣದ ಕೆಲಸ ಲೈಸೆನ್ಸ್ ಇರುವ ರಿಪೇರಿಯವರದ್ದೇ. ಕರೆಂಟಿನ ಬಫಿಂಗ್‌ಗೆ ಒಪ್ಪಬೇಡಿ, ಮೊಹರು, ನಂಬರು ಸವೆದುಹೋಗುತ್ತವೆ. ನಂಬರು ಅಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ ಕೂಡ. ಕಪ್ಪು ಬಣ್ಣಕ್ಕೆ ಜೋಡುನಳಿಗೆಯನ್ನು ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿದರೆ ಪಟ್ಟಿಯ ತವರ-ಸೀಸದ ಬೆಸುಗೆ ಕರಗುತ್ತದೆ. ತುಕ್ಕು ಬರಿಸಿ, ಕುದಿಯುವ ನೀರಿನಲ್ಲಿ ಅದ್ದಿ, ನಯವಾದ ಸ್ಟೀಲ್ ವುಲ್‌ನಿಂದ ತಿಕ್ಕಿ ಪುನಃ ಪುನಃ ಮಾಡುವ ನಿಧಾನದ ಬ್ಲೂಯಿಂಗ್ ಬಲ್ಲವರಿಗಷ್ಟೇ ಕೊಡಿ. ಹಳೆಯ ಬಣ್ಣ ಅರ್ಧ ಉಳಿದಿದ್ದರೂ ಹಾಗೇ ಬಿಡುವುದು ಲಾಭ.

ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಬಿಡಿ, ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟುತ್ತದೆ. ಗನ್ ಆಯಿಲ್ ತೆಳುವಾಗಿ ಸವರಿ, ಬಾಯಿ ಕೆಳಗೆ ಮಾಡಿ ಇಡಿ. ಚರ್ಮದ ಚೀಲದಲ್ಲಿ ಬೇಡ, ಅದು ತೇವ ಹಿಡಿಯುತ್ತದೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸುವಾಗ ನಳಿಗೆಯ ಒಳಗೂ ಹೊರಗೂ ಎಣ್ಣೆ ಒರೆಸಿ ಕೊಡಿ, ವಾಪಸ್ ತಂದ ದಿನವೇ ಬಿಚ್ಚಿ ನೋಡಿ.