ಬೆಳಿಗ್ಗೆ ಕಂಡ ಮರ, ಮಧ್ಯಾಹ್ನ ಕರವಸ್ತ್ರದ ಮೇಲೆ

ಸಂಘದ ಮಕ್ಕಳಿಗೆ ಒಂದು ದಿನದ ನಿಸರ್ಗ–ಕಲಾ ಶಿಬಿರ: ತಯಾರಿಯಿಂದ ತೊಳೆಯುವವರೆಗೆ

ಮುಂಬಯಿಯ ಕನ್ನಡ ಸಂಘಗಳ ಮಕ್ಕಳ ಕಾರ್ಯಕ್ರಮವೆಂದರೆ ಛದ್ಮವೇಷ, ಚಿತ್ರಕಲಾ ಸ್ಪರ್ಧೆ, ಬಹುಮಾನ ವಿತರಣೆ ಇದ್ದೇ ಇರುತ್ತದೆ. ಈಗೀಗ ‘ನಿಸರ್ಗ ನಡಿಗೆ’ಯೂ ಸೇರಿಕೊಂಡಿದೆ. ಆದರೆ ಬೆಳಿಗ್ಗೆ ಉದ್ಯಾನ ಸುತ್ತಿ ಬಂದ ಮಕ್ಕಳು ಮಧ್ಯಾಹ್ನ ಕುಳಿತು ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯನನ್ನೇ ಬರೆದರೆ ನಡಿಗೆ ಬೇರೆ, ಕಲೆ ಬೇರೆ ಆಗಿಬಿಡುತ್ತದೆ. ಇಲ್ಲಿ ಹೇಳುವ ಶಿಬಿರಕ್ಕೆ ಒಂದೇ ನಿಯಮ: ಬೆಳಿಗ್ಗೆ ಪರಿಚಯವಾದ ಮರದ ಎಲೆಯೇ ಮಧ್ಯಾಹ್ನ ಸುತ್ತಿಗೆಯ ಪೆಟ್ಟಿಗೆ ರಸ ಬಿಟ್ಟು ಬಟ್ಟೆಯ ಮೇಲೆ ಅಚ್ಚಾಗಬೇಕು. ಲೆಕ್ಕವೆಲ್ಲ 8ರಿಂದ 14 ವಯಸ್ಸಿನ 30 ಮಕ್ಕಳಿಗೆ.

ಭಾನುವಾರವನ್ನು ಆರಿಸುವುದು

ಸೆಪ್ಟೆಂಬರ್ ನಡುವಿನಿಂದ ನವೆಂಬರ್‌ವರೆಗೆ ಸರಿಯಾದ ಕಾಲ. ಮಳೆ ಇಳಿದಿರುತ್ತದೆ, ಎಲೆಯಲ್ಲಿ ರಸ ಇರುತ್ತದೆ, ಚಿಟ್ಟೆಗಳು ಹೇರಳ. ಮೇ ರಜೆಯಲ್ಲಿ ಮಾಡೋಣ ಎಂಬ ಸಲಹೆ ಸಮಿತಿ ಸಭೆಯಲ್ಲಿ ಬಂದೇ ಬರುತ್ತದೆ, ಒಪ್ಪಬೇಡಿ. ಆಗ ಎಲೆ ಬಲಿತು ಒರಟಾಗಿರುತ್ತದೆ, ಅಚ್ಚು ಮೂಡುವುದಿಲ್ಲ. ಅರ್ಧ ಮಕ್ಕಳು ಊರಿಗೆ ಹೋಗಿರುತ್ತಾರೆ.

ಗಣೇಶೋತ್ಸವಕ್ಕೂ ನವರಾತ್ರಿಗೂ ನಡುವಿನ ಪಿತೃಪಕ್ಷದ ಭಾನುವಾರಗಳನ್ನು ಮೊದಲು ನೋಡಿ. ಮದುವೆ–ಮುಂಜಿ ಇಲ್ಲದ ಆ ಹದಿನೈದು ದಿನ ಸಭಾಗೃಹ ಸುಲಭವಾಗಿ ಸಿಗುತ್ತದೆ. ‘ಪಕ್ಷದಲ್ಲಿ ಶುಭಕಾರ್ಯವೇ?’ ಎಂದು ಕೇಳುವ ಹಿರಿಯರಿಗೆ ಉದ್ಘಾಟನೆಯ ದೀಪ ಇಲ್ಲ, ಬರೀ ನಡಿಗೆ ಎಂದು ಹೇಳಿದರೆ ಸಾಕು.

ಇನ್ನೊಂದು ಮೆಗಾ ಬ್ಲಾಕ್. ಭಾನುವಾರದ ಹಳಿ ದುರಸ್ತಿ ಸಾಮಾನ್ಯವಾಗಿ ಬೆಳಗಿನ ಹನ್ನೊಂದರ ಆಸುಪಾಸಿಗೆ ಶುರುವಾಗಿ ಮಧ್ಯಾಹ್ನದ ತನಕ ನಡೆಯುತ್ತದೆ. ಯಾವ ಮಾರ್ಗದಲ್ಲಿ ಎಂಬ ಪ್ರಕಟಣೆ ಬರುವುದು ವಾರಾಂತ್ಯ ಹತ್ತಿರವಾದಾಗ. ಆದ್ದರಿಂದ ಮಕ್ಕಳು ರೈಲು ಇಳಿಯುವುದು ಏಳಕ್ಕೆ ಮೊದಲೇ ಆಗಲಿ, ಮರಳುವುದು ನಾಲ್ಕರ ನಂತರವಾಗಲಿ. ಡೊಂಬಿವಲಿ, ಠಾಣೆ ಕಡೆಯ ಪಾಲಕರಿಗೆ ಶನಿವಾರ ಸಂಜೆ ಇನ್ನೊಮ್ಮೆ ಸಂದೇಶ ಹೋಗಬೇಕು.

ಜಾಗ

ಮಾಹಿಮ್‌–ಧಾರಾವಿ ನಡುವಿನ ಮಹಾರಾಷ್ಟ್ರ ನೇಚರ್ ಪಾರ್ಕ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಕಾಲಕ್ಕೆ ಊರಿನ ಕಸ ಸುರಿಯುತ್ತಿದ್ದ 37 ಎಕರೆಯಲ್ಲಿ ಮರ ನೆಟ್ಟು ಬೆಳೆಸಿದ ಈ ವನ ಸಾರ್ವಜನಿಕರಿಗೆ ತೆರೆದದ್ದು 1994ರ ಏಪ್ರಿಲ್ 22ರ ಭೂಮಿ ದಿನದಂದು. ಹಿಂಬದಿಗೆ ಮೀಠಿ ನದಿ, ಕಾಂಡ್ಲಾ ಗಿಡಗಳು. ಧಾರಾವಿ ಬಸ್ ಡಿಪೋ ಹತ್ತಿರ. ಸಯನ್ ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ನಡಿಗೆ ಮುಗಿಸಿ ಮಾಟುಂಗ ಅಥವಾ ಸಯನ್‌ನ ಸಭಾಗೃಹಕ್ಕೆ ಹೋಗುವುದೂ ಸಲೀಸು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ದೊಡ್ಡದು, ಚೆಂದದ್ದು. ಆದರೆ ಮೂವತ್ತು ಮಕ್ಕಳ ಮೊದಲ ಶಿಬಿರಕ್ಕೆ ಚಿಕ್ಕ ಜಾಗವೇ ಲೇಸು, ಯಾರೂ ಕಳೆದುಹೋಗುವುದಿಲ್ಲ.

ಮೂರು–ನಾಲ್ಕು ವಾರ ಮೊದಲೇ ಉದ್ಯಾನದ ಕಚೇರಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಿ: ಮಕ್ಕಳೆಷ್ಟು, ದೊಡ್ಡವರೆಷ್ಟು, ಸಮಯ, ತಿಂಡಿ ಒಳಗೋ ಹೊರಗೋ, ಕ್ಯಾಮೆರಾ ಇದೆಯೋ. ಒಪ್ಪಿಗೆ ಬರಹದಲ್ಲಿರಲಿ. ಫೋನಿನಲ್ಲಿ ‘ಆಗಲಿ’ ಎಂದವರು ಭಾನುವಾರ ರಜೆಯಲ್ಲಿರುತ್ತಾರೆ.

ಒಂದು ವಾರ ಮೊದಲು ಇಬ್ಬರು ಹೋಗಿ ದಾರಿ ನೋಡಿ ಬನ್ನಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಉದ್ಯಾನದಲ್ಲಿ ಎಲೆ ಕೀಳುವಂತಿಲ್ಲ, ಬಿದ್ದ ಎಲೆಯಲ್ಲಿ ರಸ ಇರುವುದಿಲ್ಲ. ಆದ್ದರಿಂದ ಒಳಗೆ ತೋರಿಸಬಹುದಾದ, ಹೊರಗೆ ನಿಮ್ಮದೇ ಸೊಸೈಟಿ ಕಾಂಪೌಂಡಿನಲ್ಲಿ ಮಾಲಿಯನ್ನು ಕೇಳಿ ಎಲೆ ತರಬಹುದಾದ ಮರಗಳನ್ನೇ ಪಟ್ಟಿ ಮಾಡಬೇಕು. ಆರು ಸಾಕು. ತೇಗ, ಹೊಂಗೆ, ಕಕ್ಕೆ, ಹುಣಸೆ, ಬಾದಾಮಿ, ಪೇರಳೆ ಇವು ಮುಂಬಯಿಯಲ್ಲಿ ಹುಡುಕಿದರೆ ಸಿಗುತ್ತವೆ.

ಬಟ್ಟೆ: ನಿಜವಾದ ಕೆಲಸ ಇರುವುದು ಇಲ್ಲೇ

ಅಂಗಡಿಯ ಹೊಸ ಕರವಸ್ತ್ರದ ಮೇಲೆ ಎಲೆ ಇಟ್ಟು ಜಜ್ಜಿದರೆ ಅಚ್ಚೇನೋ ಮೂಡುತ್ತದೆ, ಮೊದಲ ಒಗೆತಕ್ಕೇ ತೇಲಿ ಹೋಗುತ್ತದೆ. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ಗಂಜಿ ತೆಗೆಯುವುದು, ಒಗರು ಕುಡಿಸುವುದು, ಪಟಿಕ ಕುಡಿಸುವುದು ಎಂಬ ಮೂರು ಹಂತ ಬೇಕು.

44 ಇಂಚು ಅಗಲದ ಬಿಳಿ ಕೇಂಬ್ರಿಕ್ (ತೆಳುವಾದ ಹತ್ತಿ ಬಟ್ಟೆ) 5 ಮೀಟರ್ ತನ್ನಿ. ಅಡ್ಡಕ್ಕೆ ಮೂರರಂತೆ ಸುಮಾರು 37 ಸೆಂಟಿಮೀಟರ್ ಚೌಕದ 36 ತುಂಡು ಬರುತ್ತವೆ. ಆರು ಹೆಚ್ಚಿಗೆ ಇರಲಿ. ಹೆಸರು ಕೊಡದೆ ತಮ್ಮ–ತಂಗಿಯನ್ನು ಕರೆತರುವವರು ಇದ್ದೇ ಇರುತ್ತಾರೆ. ಪಾಲಿಯೆಸ್ಟರ್ ಮಿಶ್ರಣ ಬೇಡ. ಅಂಗಡಿಯಲ್ಲೇ ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ.

ಹಿಂದಿನ ಭಾನುವಾರ ಇಡೀ ಬಟ್ಟೆಯನ್ನು 12 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ಜಾಲಿಸಿ. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮಣಿಯಂತೆ ನಿಂತರೆ ಗಂಜಿ ಇನ್ನೂ ಇದೆ ಎಂದರ್ಥ, ಮತ್ತೆ ಕುದಿಸಿ. ಬಿದ್ದೊಡನೆ ಇಂಗಿದರೆ ಕತ್ತರಿಸಿ ದರ್ಜಿಯಲ್ಲಿ ಅಂಚಿಗೆ ಇಂಟರ್‌ಲಾಕ್ ಹಾಕಿಸಿ. ಕುದಿಸುವ ಮೊದಲು ಕತ್ತರಿಸಿದರೆ ಚೌಕ ಕುಗ್ಗಿ ಓರೆಯಾಗುತ್ತದೆ.

ಗುರುವಾರ ರಾತ್ರಿ ಒಗರು, ಅಂದರೆ ಅಳಲೆಕಾಯಿ ಪುಡಿ. ಗ್ರಂಥಿಗೆ ಅಂಗಡಿಯಲ್ಲಿ ‘ಹಿರಡಾ’ ಎಂದು ಕೇಳಿ. ಬಟ್ಟೆಯ ತೂಕದ ಶೇ 15ರಷ್ಟು ಬೇಕು. ಈ 5 ಮೀಟರ್ ಅರ್ಧ ಕಿಲೋಗೆ ಸ್ವಲ್ಪ ಮೇಲೆ ತೂಗುವುದರಿಂದ 80 ಗ್ರಾಂ. ಬಿಸಿನೀರಿನಲ್ಲಿ ಕದಡಿ, ಸೋಸಿ, 12 ಲೀಟರಿಗೆ ಏರಿಸಿ ತುಂಡುಗಳನ್ನು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡಿ, ತೊಳೆಯದೆ ನೆರಳಿನಲ್ಲಿ ಒಣಗಿಸಿ. ಬಟ್ಟೆ ತೆಳು ಹಳದಿಗೆ ತಿರುಗುತ್ತದೆ. ಶುಕ್ರವಾರ ರಾತ್ರಿ 80 ಗ್ರಾಂ ಪಟಿಕವನ್ನು, ಅಂದರೆ ಇಲ್ಲಿನ ತುರಟಿಯನ್ನು, ಬಿಸಿನೀರಿನಲ್ಲಿ ಕರಗಿಸಿ ಅಷ್ಟೇ ನೀರಿನಲ್ಲಿ ಮತ್ತೆ ನೆನೆಸಿ, ಶನಿವಾರ ಒಣಗಿಸಿ ಇಸ್ತ್ರಿ ಮಾಡಿ. ಒಗರು ಹತ್ತಿಯನ್ನು ಹಿಡಿದುಕೊಳ್ಳುತ್ತದೆ, ಪಟಿಕ ಒಗರನ್ನು, ಬಣ್ಣ ಪಟಿಕವನ್ನು. ಹತ್ತಿ ತಾನಾಗಿ ಪಟಿಕವನ್ನು ಅಷ್ಟಾಗಿ ಹಿಡಿಯುವುದಿಲ್ಲ, ಆದ್ದರಿಂದ ಅಳಲೆಯನ್ನು ಬಿಡುವಂತಿಲ್ಲ.

ಇಲ್ಲಿ ಆಗುವ ದೊಡ್ಡ ಅನಾಹುತ ಕಬ್ಬಿಣದ್ದು. ಅಳಲೆ ಕುಡಿದ ಬಟ್ಟೆಗೆ ಕಬ್ಬಿಣ ತಾಗಿದಲ್ಲಿ ಕಪ್ಪು ಕಲೆ ಬೀಳುತ್ತದೆ, ಹೋಗುವುದಿಲ್ಲ. ಕಬ್ಬಿಣದ ಬಾಣಲೆ, ತುಕ್ಕು ಹಿಡಿದ ಕಿಟಕಿ ಸರಳು, ಬಾಲ್ಕನಿಯ ತಂತಿ, ಕ್ಲಿಪ್ಪಿನ ಒಳಗಿನ ಸ್ಪ್ರಿಂಗ್ ಯಾವುದೂ ತಾಗಬಾರದು. ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬಕೆಟ್, ನೈಲಾನ್ ಹಗ್ಗ ಬಳಸಿ.

ನಡಿಗೆ

ಹತ್ತು ಮಕ್ಕಳಿಗೆ ಒಂದು ತಂಡ, ಮುಂದೆ ಮರ ಬಲ್ಲವರೊಬ್ಬರು, ಹಿಂದೆ ಎಣಿಸುವವರೊಬ್ಬರು. ತಂಡಗಳ ನಡುವೆ ಹತ್ತು ನಿಮಿಷ ಅಂತರ. ಒಂದೂವರೆ ಗಂಟೆಯಲ್ಲಿ ಒಂದು ಕಿಲೋಮೀಟರ್ ನಡೆದರೆ ಸಾಕು, ಆರೇ ಮರ. ಪೂರ್ಣ ತೋಳಿನ ಅಂಗಿ, ಉದ್ದ ಪ್ಯಾಂಟ್, ಬೂಟು, ಸೊಳ್ಳೆ ಮುಲಾಮು ಕಡ್ಡಾಯ.

ಪ್ರತಿ ಮರದ ಬುಡದಲ್ಲಿ ಮೊದಲು ಕನ್ನಡದ ಹೆಸರು, ಆಮೇಲೆ ಮರಾಠಿಯದು. ಹೊಂಗೆ–ಕರಂಜ, ಕಕ್ಕೆ–ಬಹಾವಾ, ಮುತ್ತುಗ–ಪಳಸ, ಅತ್ತಿ–ಉಂಬರ. ಶಾಲೆಯಲ್ಲಿ ‘ಬಹಾವಾ’ ಕೇಳಿದ ಮಗುವಿಗೆ ಅದೇ ಮರಕ್ಕೆ ಅಜ್ಜಿಯ ಮನೆಯಲ್ಲೊಂದು ಹೆಸರಿದೆ ಎಂದು ಗೊತ್ತಾದರೆ ಮರೆಯುವುದಿಲ್ಲ. ಅಜ್ಜ–ಅಜ್ಜಿಯರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಆದರೆ ಮಾತಿಗೆ ಮೂರು ನಿಮಿಷದ ಮಿತಿ ಹಾಕಿ.

ದಾರಿಯಲ್ಲಿ ಸಪ್ತಪರ್ಣಿ ಸಿಕ್ಕರೆ ನಿಲ್ಲಿ. ಗೆಣ್ಣಿಗೆ ಸಾಮಾನ್ಯವಾಗಿ ಏಳು ಎಲೆ, ಮುರಿದರೆ ಬಿಳಿ ಹಾಲು. ಅಕ್ಟೋಬರ್ ಹೊತ್ತಿಗೆ ಬೀದಿಯಿಡೀ ಘಮಲು ಹಬ್ಬಿಸುವ ಮರ. ತುಳು ಮನೆಗಳಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಕಷಾಯ ಇದರದ್ದೇ ತೊಗಟೆಯಿಂದ. ಕಥೆ ಹೇಳಿ, ತೊಗಟೆ ಮುಟ್ಟಿಸಿ, ಕೆತ್ತಲು ಬಿಡಬೇಡಿ. ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ, ಅದನ್ನೂ ಹೇಳಿ.

ಕರಿಬೇವು ಅಥವಾ ನಿಂಬೆ ಗಿಡ ಕಂಡರೆ ಎಲೆಯ ಮೇಲ್ಬದಿ ನೋಡಿ. ಹಕ್ಕಿ ಹಿಕ್ಕೆಯಂತೆ ಕಪ್ಪು–ಬಿಳಿಯಾಗಿ ಅಂಟಿಕೊಂಡದ್ದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಹುಳು ಇರಬಹುದು. ಹುಲ್ಲುಕಡ್ಡಿಯಿಂದ ಮೆಲ್ಲನೆ ತಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥದ್ದು ಹೊರಬರುತ್ತದೆ, ಜೊತೆಗೆ ಕಟು ವಾಸನೆ. ಬಾಲ್ಕನಿಯ ಕರಿಬೇವಿಗೆ ಹುಳು ಬಿತ್ತೆಂದು ಔಷಧಿ ಹೊಡೆಯುವ ಮನೆಗಳಿಗೆ ಈ ಪಾಠ ಮಕ್ಕಳ ಮೂಲಕವೇ ತಲುಪಲಿ.

ಕೂದಲಿರುವ ಕಂಬಳಿಹುಳು ತಾಗಿದರೆ ಉಜ್ಜಲು ಬಿಡಬೇಡಿ, ಉಜ್ಜಿದಷ್ಟೂ ಕೂದಲು ಒಳಗಿಳಿಯುತ್ತದೆ. ಅಂಟುಟೇಪು ಒತ್ತಿ ಎಳೆದು ತೆಗೆದು, ಸೋಪುನೀರಿನಲ್ಲಿ ತೊಳೆಯಿರಿ. ಹಿಂದೆ ನಡೆಯುವವರ ಚೀಲದಲ್ಲಿ ಟೇಪು ಇರಲೇಬೇಕು.

ಪ್ರತಿ ಮಗು ಒಂದು ಮರ ಆರಿಸಿ ಪುಟ್ಟ ಪುಸ್ತಕದಲ್ಲಿ ಎಲೆಯ ಆಕಾರ ಬರೆದುಕೊಳ್ಳಲಿ. ಹತ್ತಕ್ಕೆ ನಡಿಗೆ ನಿಲ್ಲಿಸಿ, ಇಡ್ಲಿ–ಚಟ್ನಿ, ಮಜ್ಜಿಗೆ. ಉಪ್ಪಿಟ್ಟು ಬೇಡ, ಆರಿದರೆ ಇಟ್ಟಿಗೆ.

ಜಜ್ಜುವ ಹೊತ್ತು

ನೆಲಮಹಡಿಯ ಕೋಣೆ ಅಥವಾ ತಾರಸಿ ಬೇಕು. ಹದಿನೈದು ಸುತ್ತಿಗೆ ಒಟ್ಟಿಗೆ ಬಿದ್ದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. 12 ಮಿಲಿಮೀಟರ್ ಪ್ಲೈವುಡ್ ತುಂಡಿನ ಕೆಳಗೆ ಮಡಿಸಿದ ಗೋಣಿ ಹಾಕಿದರೆ ಸದ್ದು ತಗ್ಗುತ್ತದೆ. ಗೋಣಿಯನ್ನು ಪ್ಲೈವುಡ್ ಮೇಲೆ ಹಾಕಬೇಡಿ, ಮೆತ್ತಗಾದರೆ ಅಚ್ಚು ಮಸುಕು. ಸುತ್ತಿಗೆ 200ರಿಂದ 300 ಗ್ರಾಂ, ಮುಖ ಚಪ್ಪಟೆ. ಇಬ್ಬರಿಗೊಂದು: ಒಬ್ಬರು ಹೊಡೆಯುವಾಗ ಇನ್ನೊಬ್ಬರು ಎಲೆ ಜೋಡಿಸುವುದು.

ಎಲೆಗಳನ್ನು ಅಂದೇ ಬೆಳಿಗ್ಗೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಹೊಂಗೆ, ಕಕ್ಕೆ ಎಳೆಯದೇ ಆಗಬೇಕು. ತೇಗದ ಚಿಗುರು ಅಂಗೈಯಲ್ಲಿ ತಿಕ್ಕಿದರೂ ಕೆಂಪಾಗುತ್ತದೆ, ಬಟ್ಟೆಯಲ್ಲೂ ಅದೇ ಕೆಂಪು; ಅದಕ್ಕೇ ಹೆಚ್ಚು ಜಗಳ, ಸಾಕಷ್ಟು ತನ್ನಿ. ಚೆಂಡುಹೂವಿನ ಎಸಳು ಹಳದಿಗೆ, ಶಂಖಪುಷ್ಪ ನೀಲಿಗೆ. ಎಕ್ಕ, ಕಣಗಿಲೆ ಬೇಡವೇ ಬೇಡ, ಹಾಲು ಕಣ್ಣಿಗೆ ಹಾರಿದರೆ ಅಪಾಯ. ಪತ್ರೊಡೆಯ ಕೆಸುವಿನ ಎಲೆ ಚೆಂದವೆಂದು ಯಾರಾದರೂ ತಂದರೆ ಅದನ್ನು ಪತ್ರೊಡೆಗೇ ಬಿಡಿ, ಜಜ್ಜಿದರೆ ಕೈಯೆಲ್ಲ ತುರಿಕೆ.

ಎಲೆಯ ನರ ಉಬ್ಬಿದ ಬದಿ ಬಟ್ಟೆಗೆ ತಾಗುವಂತೆ ಇಟ್ಟು, ದಪ್ಪ ತೊಟ್ಟು ಕತ್ತರಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ ನಾಲ್ಕೂ ಬದಿಗೆ ಟೇಪು ಹಚ್ಚಿ. ಮೊದಲು ಅಂಚು, ಆಮೇಲೆ ಒಳಗು, ಕೊನೆಗೆ ನಡುನರ. ಚಿಕ್ಕ ಚಿಕ್ಕ ಪೆಟ್ಟು, ಬೇಗ ಬೇಗ. ಅಂಗೈಯಗಲದ ಎಲೆಗೆ ಮೂರು–ನಾಲ್ಕು ನಿಮಿಷ. ಹಾಳೆಯ ಮೂಲಕ ಎಲೆಯ ಮೇಲೆ ಒದ್ದೆ ಹೊಳಪು ಎಲ್ಲೆಡೆ ಕಂಡರೆ ಆಯಿತು.

ಅಚ್ಚು ಹರಡಿದರೆ ಎಲೆಯಲ್ಲಿ ನೀರು ಹೆಚ್ಚು, ಮುಂದಿನದನ್ನು ಹತ್ತು ನಿಮಿಷ ಪೇಪರಿನ ನಡುವೆ ಒತ್ತಿಡಿ. ಎರಡೆರಡಾಗಿ ಕಂಡರೆ ಟೇಪು ಸಡಿಲ. ಚುಕ್ಕಿ ಚುಕ್ಕಿಯಾಗಿ ಬಿದ್ದರೆ ಅವಸರ.

ಬಾದಾಮಿ, ಪೇರಳೆ ಎಲೆ ಹಸಿರು ಬಿಡುವುದು ಕಡಿಮೆ. ಅವಕ್ಕೆ ಬೇರೆ ದಾರಿ: ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಅನ್ನಭೇದಿ, ಇಲ್ಲಿನವರ ಹಿರಾಕಸ್. ಎಲೆಯನ್ನು ಐದು ನಿಮಿಷ ಅದ್ದಿ, ಒರೆಸಿ, ಜಜ್ಜಿ. ಶನಿವಾರ ಯಾವುದಕ್ಕೆ ಹೆದರಿದ್ದಿರೋ ಆ ಕಬ್ಬಿಣದ ಕಪ್ಪೇ ಈಗ ನರನರವಾಗಿ ಮೂಡುತ್ತದೆ. ಈ ಬಟ್ಟಲು ದೊಡ್ಡವರ ಕೈಯಲ್ಲಿ, ಗ್ಲೌಸ್ ಹಾಕಿಕೊಂಡು, ಬೇರೆ ಮೇಜಿನ ಮೇಲೆ.

ಕೊನೆಗೆ ಎಲೆಯ ಕೆಳಗೆ ಮರದ ಹೆಸರು, ಬಟ್ಟೆಯ ಮೇಲೆ ಬರೆಯುವ ಪೆನ್ನಿನಿಂದ, ಕನ್ನಡದಲ್ಲಿ. ಹೆಚ್ಚಿನ ಮಕ್ಕಳಿಗೆ ದೇವನಾಗರಿ ಬರುತ್ತದೆ, ಕನ್ನಡ ಬಾರದು. ‘ಹುಣಸೆ’ ಎಂದು ದೊಡ್ಡದಾಗಿ ಬರೆದು ಪ್ರತಿ ಅಕ್ಷರದಡಿ ದೇವನಾಗರಿ ಅಕ್ಷರ ಕೊಟ್ಟ ಚೀಟಿ ಹಂಚಿ, ನೋಡಿ ಬರೆಯುತ್ತಾರೆ. ‘ಣ’ ತಿರುವಿಗೆ ತಡವಾಗುತ್ತದೆ, ಕಾಯಿರಿ.

ಮನೆಗೆ ಕೊಡುವ ಚೀಟಿ

ಎರಡು ದಿನ ತೊಳೆಯಬೇಡಿ. ಒಣಗಿದ ಎಲೆಯ ಚೂರು ಬ್ರಷ್ಷಿನಿಂದ ಉದುರಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಆಮೇಲೆ ತಣ್ಣೀರು, ಅಂಟುವಾಳ. ಸೋಪಿನ ಪುಡಿ ಬೇಡ. ನೆರಳಿನಲ್ಲಿ ಒಣಗಿಸಿ. ಎಲೆಹಸಿರು ಬಿಸಿಲಿಗೆ ಕೆಲವು ವಾರಗಳಲ್ಲೇ ಕಂದುಬಣ್ಣಕ್ಕೆ ತಿರುಗುತ್ತದೆ, ಅದು ತಪ್ಪಲ್ಲ. ಅನ್ನಭೇದಿಯ ಕಪ್ಪು ಉಳಿಯುತ್ತದೆ. ಮರೆತು ಸೋಪು ಹಾಕಿ ಶಂಖಪುಷ್ಪದ ನೀಲಿ ಹಸಿರಾಗಿದ್ದರೆ, ನಾಲ್ಕು ಹನಿ ನಿಂಬೆರಸ ಬೆರೆಸಿದ ನೀರು ಚಿಮುಕಿಸಿ ನೋಡಿ: ನೇರಳೆಯತ್ತ ಹೊರಳುತ್ತದೆ.